ಮೂರು ಬಾಯಿಯ ಕಬ್ಬಿಣ

ಗಾಳಿಯ ಪೈಪಿನಲ್ಲಿ ಕಾಲು ಇಂಚಿನ ತೂತು ಬಿದ್ದರೆ ಒಂದು ಜಾಕ್‌ಹ್ಯಾಮರ್ ಕೈಬಿಟ್ಟ ಹಾಗೆ. ಲೆಕ್ಕ ಹಾಕಿಯೇ ಹೇಳುವ ಮಾತಿದು. ಚದರ ಇಂಚಿಗೆ 100 ಪೌಂಡ್ ಒತ್ತಡದ ಗಾಳಿ ಅಷ್ಟು ಸಣ್ಣ ತೂತಿನಿಂದ ನಿಮಿಷಕ್ಕೆ ಸುಮಾರು 100 ಘನ ಅಡಿ ಸೋರಿಹೋಗುತ್ತದೆ. ಬಂಡೆ ಕೊರೆಯುವ ಒಂದು ಕೈಯಂತ್ರಕ್ಕೆ ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ ಗಾಳಿ. ನೆಟ್ಟಗೆ ಸಾಗುವ ಪೈಪಿನ ಮೈ ತೂತಾಗುವುದು ಕಡಿಮೆ. ಸೋರುವುದು ಜೋಡಣೆಗಳಲ್ಲಿ, ಅದರಲ್ಲೂ ಪೈಪು ಕವಲೊಡೆಯುವ ಕಡೆ. ಟೀ, ವೈ, ಕ್ರಾಸ್, ಸ್ಯಾಡಲ್ ಎಂದು ಫಿಟ್ಟರ್‌ಗಳು ಕರೆಯುವ ಆ ತುಂಡುಗಳ ಸುದ್ದಿಯನ್ನು ಕೋಲಾರದ ಚಿನ್ನದ ಗಣಿಯ, ಅಂದರೆ ಕೆಜಿಎಫ್‌ನ ಕಥೆ ಹೇಳುವವರು ಎತ್ತುವುದೇ ಇಲ್ಲ.

ಅವರು ಹೇಳುವುದು ಆಳದ ಕಥೆ. ತಪ್ಪೇನಿಲ್ಲ, ಆಳ ಅಂಥದ್ದು. ಚಾಂಪಿಯನ್ ರೀಫ್ ಗಣಿ ನೆಲದಿಂದ 3 ಕಿಲೋಮೀಟರಿಗೂ ಕೆಳಗೆ ಇಳಿದಿತ್ತು. ಆ ಮಟ್ಟದಲ್ಲಿ ಬಂಡೆಯ ಬಿಸಿ 65 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ವಾತಾವರಣದಿಂದ ಬರುವ ನ್ಯೂಟ್ರಿನೋಗಳ ಸುಳಿವು ಹಿಡಿದದ್ದು ಇಲ್ಲೇ, 2.3 ಕಿಲೋಮೀಟರ್ ಕೆಳಗೆ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಕೈಹಾಕಿದಂದಿನಿಂದ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರುವರಿ 28ರಂದು ಬಾಗಿಲು ಹಾಕುವವರೆಗೆ ಸುಮಾರು 800 ಟನ್ ಚಿನ್ನ ಮೇಲೆ ಬಂತು. ಇವೆಲ್ಲ ಈ ಸೀಮೆಯ ಶಾಲಾ ಮಕ್ಕಳಿಗೂ ಬಾಯಿಪಾಠ.

ಆದರೆ ಶಾಫ್ಟ್ ಎಂಬುದು ಬರೀ ಇಳಿಯುವ, ಏರುವ ದಾರಿ. ಚಿನ್ನದ ಕಲ್ಲು ಒಡೆಯುವ ಕೆಲಸ ನಡೆಯುವುದು ಶಾಫ್ಟಿನಿಂದ ಅಡ್ಡಕ್ಕೆ ಹೊರಟ ಲೆವೆಲ್‌ಗಳಲ್ಲಿ, ಲೆವೆಲ್‌ನಿಂದ ಹೊರಟ ಕ್ರಾಸ್‌ಕಟ್‌ಗಳಲ್ಲಿ, ಕೊನೆಗೆ ಅದಿರು ತೆಗೆಯುವ ಸ್ಟೋಪ್‌ನಲ್ಲಿ. ಮನುಷ್ಯ ಕೇಜಿನಲ್ಲಿ ಇಳಿದು ನಡೆದುಕೊಂಡು ಹೋದಾನು. ಗಾಳಿ, ನೀರು ನಡೆಯಲಾರವು. ಅವನ್ನು ಪೈಪೇ ಒಯ್ಯಬೇಕು, ಲೆವೆಲ್ ಲೆವೆಲ್‌ಗೂ ಪೈಪು ಒಡೆದು ಕವಲಾಗಬೇಕು. ಯಾವ ಲೆವೆಲ್‌ಗೆ ಎಷ್ಟು ಗಾಳಿ, ಯಾರ ಯಂತ್ರ ಜೋರಾಗಿ ಬಡಿಯಬೇಕು, ಯಾರದ್ದು ಕೆಮ್ಮುತ್ತ ನಿಲ್ಲಬೇಕು ಎಂಬುದು ತೀರ್ಮಾನವಾಗುತ್ತಿದ್ದದ್ದು ಆ ಕವಲುಗಳಲ್ಲಿ. ಆಳದ ಹೆಮ್ಮೆ ಎಂಜಿನಿಯರ್‌ಗಳದು ಎಂದುಕೊಂಡರೆ, ಕವಲಿನ ಉಸಾಬರಿ ಪೈಪ್ ಫಿಟ್ಟರ್‌ನದು. ಇವನ ಕೆಲಸಕ್ಕೆ ಇನ್ನೊಂದಿಷ್ಟು ಲೆಕ್ಕ ಸಲ್ಲಬೇಕು ಎಂಬುದಷ್ಟೇ ನನ್ನ ತಕರಾರು.

ಈ ಕಸುಬು ಕೆಜಿಎಫ್‌ಗಷ್ಟೇ ಸೀಮಿತವಾಗಿರಲಿಲ್ಲ. ಬಂಗಾರಪೇಟೆ ಬಿಟ್ಟು ಜೋಲಾರ್‌ಪೇಟೆ ಕಡೆ ಹೊರಟ ರೈಲು ಕಾಮಸಮುದ್ರ ದಾಟಿ ಬಿಸಾನತ್ತಂ ಮುಟ್ಟುತ್ತದೆ. ಒಂದು ಮಗ್ಗುಲಿಗೆ ಕೆಜಿಎಫ್, ಮುಂದಕ್ಕೆ ಆಂಧ್ರದ ಗಡಿ. ಕೋಲಾರದ ಶಿಸ್ಟ್ ಶಿಲೆಯ ಪಟ್ಟಿ ಉತ್ತರದಿಂದ ದಕ್ಷಿಣಕ್ಕೆ ಸುಮಾರು 80 ಕಿಲೋಮೀಟರ್ ಚಾಚಿಕೊಂಡು ಗಡಿ ದಾಟುತ್ತದೆ. ಬಂಡೆಗೆ ರಾಜ್ಯದ ಗಡಿ ಗೊತ್ತಿಲ್ಲವಲ್ಲ. ಭಾರತ್ ಗೋಲ್ಡ್ ಮೈನ್ಸ್‌ನವರು ಆ ಕಡೆಯ ಬಿಸಾನತ್ತಂ, ಚಿಗರಗುಂಟೆಗಳಲ್ಲೂ ಗಣಿ ನಡೆಸಿದರು. ನಡುವೆ ಸಿಕ್ಕಿಕೊಂಡ ಕಾಮಸಮುದ್ರ ಹೋಬಳಿಯಲ್ಲಿ ಇವತ್ತು ಸುದ್ದಿಯಾಗುವುದು ಕಾಡಾನೆ ಹಿಂಡು, ಟೊಮೆಟೊ ಬೆಲೆ, ಬತ್ತಿದ ಬೋರ್‌ವೆಲ್. ಚಿನ್ನದ ಮಾತು ಹಳೆಯವರದ್ದು.

ಬಂಗಾರಪೇಟೆಯ ಗುಜರಿ ಅಂಗಡಿಯೊಂದರಲ್ಲಿ ಒಂದು ಟೀ ಬಿದ್ದಿತ್ತು. ಬೀಡು ಕಬ್ಬಿಣದ್ದು. ಎರಡು ಬಾಯಿ ಆರು ಇಂಚಿನವು, ಪಕ್ಕದ ಬಾಯಿ ನಾಲ್ಕು ಇಂಚಿನದು. ಆರು ಇಂಚಿನ ಫ್ಲೇಂಜಿನಲ್ಲಿ ಎಂಟು ಬೋಲ್ಟ್ ತೂತು. ಅವುಗಳಲ್ಲಿ ಒಂದು ಉದ್ದಕ್ಕೆ ಸವೆದು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಪೈಪು ತೂಗಾಡಿ ತೂಗಾಡಿ ಬೋಲ್ಟ್ ಆ ತೂತನ್ನು ಉಜ್ಜಿದೆ ಎಂದರ್ಥ. ಫ್ಲೇಂಜಿನ ಮುಖಕ್ಕೆ ಹಳೆಯ ಪ್ಯಾಕಿಂಗಿನ ಕಪ್ಪು ತೊಗಟೆ ಇನ್ನೂ ಅಂಟಿತ್ತು. ಒಳಗೆ ಕೈ ಹಾಕಿ ಸವರಿದರೆ, ಪಕ್ಕದ ಬಾಯಿ ತೆರೆಯುವ ಮೂಲೆಯಲ್ಲಿ ಕಬ್ಬಿಣ ದಪ್ಪಗೆ ಉಬ್ಬಿ, ಅಂಚು ದುಂಡಗಿತ್ತು. ಎಲ್ಲಿಂದ ಬಂತು ಎಂದು ಗುಜರಿಯವರನ್ನು ಕೇಳುವುದು ಸಭ್ಯತೆಯಲ್ಲ, ಕೇಳಿದರೂ ಅವರು ಹೇಳುವುದಿಲ್ಲ. ಗಣಿಯದ್ದೋ, ಯಾವುದೋ ನೀರಿನ ಲೈನಿನದ್ದೋ, ಅಂತೂ ದೊಡ್ಡ ಕೆಲಸ ಮಾಡಿ ದಣಿದ ಮಾಲು.

ಆ ಉಬ್ಬಿದ ಮೂಲೆಯಲ್ಲೇ ಟೀಯ ಮರ್ಮವಿದೆ. ಉರುಟು ಪೈಪು ಒತ್ತಡವನ್ನು ಸುತ್ತಲೂ ಸಮನಾಗಿ ಹಂಚಿಕೊಂಡು ತಡೆಯುತ್ತದೆ. ಅದರ ಪಕ್ಕೆಗೆ ತೂತು ಕೊರೆದ ಕೂಡಲೇ ಆ ಸುತ್ತು ಕಡಿದುಹೋಗುತ್ತದೆ. ಕಡಿದ ಜಾಗದ ಭಾರವನ್ನು ಅಕ್ಕಪಕ್ಕದ ಕಬ್ಬಿಣ ಹೊರಬೇಕು. ಹಾಗಾಗಿ ನಿಯಮ ಸರಳ: ಎಷ್ಟು ಲೋಹ ಕೊರೆದು ತೆಗೆದಿರೋ ಅಷ್ಟನ್ನು ತೂತಿನ ಸುತ್ತ ಮತ್ತೆ ಸೇರಿಸಿ. ಎರಕದ ಟೀಯಲ್ಲಿ ಅದು ಉಬ್ಬಾಗಿ ಬರುತ್ತದೆ. ಇರುವ ಪೈಪಿಗೆ ತೂತು ಹಾಕಿ ಸ್ಟಬ್ ಎಂಬ ತುಂಡು ಪೈಪು ವೆಲ್ಡ್ ಮಾಡುವವರು ಸುತ್ತಲೂ ಒಂದು ಪಟ್ಟಿ, ಪ್ಯಾಡ್, ಬೆಸೆಯಬೇಕು. ಅವಸರದಲ್ಲಿ ಪ್ಯಾಡ್ ಮರೆತ ವೆಲ್ಡಿಂಗ್ ಮೊದಲ ದಿನ ಏನೂ ಹೇಳುವುದಿಲ್ಲ. ಕಂಪ್ರೆಸರ್ ನಡುಕ, ನೀರಿನ ಬಡಿತ, ಬ್ಲಾಸ್ಟಿಂಗಿನ ಅದುರು ಎಲ್ಲ ಸೇರಿ ತಿಂಗಳುಗಟ್ಟಲೆ ಅದನ್ನು ಅಲುಗಿಸಿ ಒಂದು ದಿನ ಬೆಸುಗೆಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸುತ್ತದೆ.

ಇನ್ನು ಒತ್ತಡ ನಷ್ಟದ ಲೆಕ್ಕ. ಟೀಯೊಳಗೆ ನೆಟ್ಟಗೆ ಹಾದುಹೋಗುವ ಹರಿವು ಪೈಪಿನ ವ್ಯಾಸದ ಸುಮಾರು 20 ಪಟ್ಟು ಉದ್ದದ ಪೈಪಿನಲ್ಲಿ ಹೋದಷ್ಟು ಒತ್ತಡ ಕಳೆದುಕೊಳ್ಳುತ್ತದೆ. ಪಕ್ಕಕ್ಕೆ ಹೊರಳಿದರೆ 60 ಪಟ್ಟು. ಆರು ಇಂಚಿನ ಟೀಗೆ ಇದು ನೇರಕ್ಕೆ 10 ಅಡಿ, ಪಕ್ಕಕ್ಕೆ 30 ಅಡಿ. ಅಂದರೆ ಗಿಡ್ಡ ತುಂಡೊಂದು ಮೂವತ್ತು ಅಡಿ ಪೈಪಿನಷ್ಟು ಒತ್ತಡ ತಿನ್ನುತ್ತದೆ. ಅದರ ಬದಲು 45 ಡಿಗ್ರಿಯಲ್ಲಿ ಓರೆಯಾಗಿ ಒಡೆಯುವ ವೈ ಹಾಕಿದರೆ ನಷ್ಟ ಬಹಳ ಕಡಿಮೆ. ಹಾಗಿದ್ದ ಮೇಲೆ ಎಲ್ಲ ಕಡೆ ವೈ ಏಕೆ ಹಾಕಲಿಲ್ಲ? ವೈ ಒಂದೇ ದಿಕ್ಕಿನ ಹರಿವಿಗೆ ಮಾಡಿದ್ದು. ಗಣಿಯಲ್ಲಿ ಲೈನು ಇವತ್ತು ಈ ಕಡೆಯಿಂದ, ನಾಳೆ ಇನ್ನೊಂದು ಶಾಫ್ಟಿನ ಕಡೆಯಿಂದ ತುಂಬಬಹುದು. ಜೊತೆಗೆ ವೈಯ ಕಿರಿದಾದ ಕಂಕುಳು ಟೀಯ ಮೂಲೆಗಿಂತ ದುರ್ಬಲ, ಜಾಗವನ್ನೂ ಹೆಚ್ಚು ತಿನ್ನುತ್ತದೆ. ಕಲ್ಲು ಕೆತ್ತಿ ಮಾಡಿದ ಸುರಂಗದಲ್ಲಿ ಅರ್ಧ ಅಡಿ ಜಾಗಕ್ಕೂ ಬೆಲೆ ಇದೆ. ಹೀಗಾಗಿ ಟೀ ಗೆದ್ದಿತು.

ಗಾತ್ರದ ವಿಚಾರದಲ್ಲಿ ಹೊಸಬರು ಮುಗ್ಗರಿಸುವುದು ಸಾಮಾನ್ಯ. ನಾಲ್ಕು ಇಂಚಿನ ಪೈಪನ್ನು ಎರಡಾಗಿ ಒಡೆದರೆ ಎರಡು ಇಂಚಿನವು ಎರಡು ಸಾಕೆಂದು ಕಣ್ಣು ಹೇಳುತ್ತದೆ. ಬಾಯಿಯ ವಿಸ್ತೀರ್ಣ ಲೆಕ್ಕ ಹಾಕಿದವರು ನಾಲ್ಕು ಬೇಕೆನ್ನುತ್ತಾರೆ. ಗೋಡೆಯ ಉಜ್ಜಾಟವನ್ನೂ ಸೇರಿಸಿಕೊಂಡರೆ ನಾಲ್ಕು ಇಂಚಿನ ಒಂದು ಪೈಪು ಒಯ್ಯುವುದನ್ನು ಅಷ್ಟೇ ಒತ್ತಡ ನಷ್ಟದಲ್ಲಿ ಒಯ್ಯಲು ಎರಡು ಇಂಚಿನವು ಐದೂವರೆಗಿಂತ ಹೆಚ್ಚು ಬೇಕು. ಕವಲುಗಳನ್ನು ಕಿರಿದು ಮಾಡಿ ದುಡ್ಡು ಉಳಿಸಿದರೆ, ಮದುವೆ ಪಂಕ್ತಿಯ ಕೊನೆಯ ಎಲೆಗೆ ಸಾರಿನ ತಿಳಿ ಮಾತ್ರ ಬಂದ ಹಾಗೆ ಕಟ್ಟಕಡೆಯ ಯಂತ್ರಕ್ಕೆ ಒತ್ತಡವಿಲ್ಲದ ಗಾಳಿ ಬರುತ್ತದೆ.

ಮೇಲಿನಿಂದ ತೆಗೆಯಬೇಕು

ಗಣಿಯೊಳಗೆ ಒತ್ತಿದ ಗಾಳಿಯೇ ಏಕೆ ಎಂಬ ಪ್ರಶ್ನೆಗೆ ಆಲ್ಪ್ಸ್ ಪರ್ವತ 1861ರಲ್ಲಿ ಉತ್ತರ ಕೊಟ್ಟಿತ್ತು. ಫ್ರಾನ್ಸ್, ಇಟಲಿಗಳ ನಡುವೆ ಮೋಂ ಸೆನಿ ಸುರಂಗ ಕೊರೆಯುವಾಗ ಎಂಜಿನಿಯರ್ ಸೊಮೆಯೆ ಗಾಳಿಯಿಂದ ಓಡುವ ಬೈರಿಗೆಗಳನ್ನು ಬಳಕೆಗೆ ತಂದ. ಹಬೆ ಉದ್ದದ ಪೈಪಿನಲ್ಲಿ ತಣ್ಣಗಾಗಿ ನೀರಾಗುತ್ತದೆ, ಸುರಂಗವನ್ನು ಬೇಯಿಸುತ್ತದೆ. ಗಾಳಿ ಎಷ್ಟು ದೂರ ಹೋದರೂ ಗಾಳಿಯೇ, ಸೋರದಿದ್ದರೆ. ಅದು ಯಂತ್ರದಿಂದ ಹೊರಬರುವಾಗ ಹಿಗ್ಗಿ ತಂಪಾಗುತ್ತದೆ, ಉಸಿರಾಡಲೂ ಒದಗುತ್ತದೆ. ಕೆಜಿಎಫ್‌ನಂಥ ಬಿಸಿ ಗಣಿಯಲ್ಲಿ ಬೈರಿಗೆ ಬಾಯಿಂದ ಬರುವ ಆ ತಂಪಿಗೆ ಎಷ್ಟು ಬೆಲೆ ಎಂದು ಊಹಿಸಿಕೊಳ್ಳಿ.

ಆದರೆ ಇದು ದುಬಾರಿ ಗಾಳಿ. ಕಂಪ್ರೆಸರ್‌ಗೆ ಕೊಟ್ಟ ಶಕ್ತಿಯಲ್ಲಿ ಬಂಡೆಯ ಮೇಲೆ ಬೀಳುವ ಪೆಟ್ಟಾಗಿ ಒದಗುವುದು ಹತ್ತರಲ್ಲಿ ಒಂದು ಪಾಲಿನಷ್ಟು. ಮಿಕ್ಕಿದ್ದು ಬಿಸಿಯಾಗಿ, ಉಜ್ಜಾಟವಾಗಿ, ಸೋರಿಕೆಯಾಗಿ ಹೋಗುತ್ತದೆ. ಮೊದಲು ಹಬೆ ಯಂತ್ರಗಳು ಈ ಶಕ್ತಿ ಒದಗಿಸುತ್ತಿದ್ದವು, ಬಾಯ್ಲರ್ ಒಲೆಗೆ ಸೌದೆ, ಕಲ್ಲಿದ್ದಲು ಸುರಿಯಬೇಕಿತ್ತು. ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆ ಎಂದೇ ಹೆಸರು. ಅಲ್ಲಿಂದ ಗಣಿಗೆ ರೈಲು ಕವಲೊಡೆದದ್ದು 1894ರಲ್ಲಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಬಂತು. ದಿವಾನ್ ಶೇಷಾದ್ರಿ ಅಯ್ಯರ್ ಆ ಯೋಜನೆಗೆ ಪಟ್ಟು ಹಿಡಿದಿದ್ದರು, ದೀಪ ಹತ್ತುವುದನ್ನು ನೋಡಲು ಬದುಕಿರಲಿಲ್ಲ. ಕಾವೇರಿಯ ಶಕ್ತಿ ಹೀಗೆ ತಂತಿಯಲ್ಲಿ ಬಂದು, ಕಂಪ್ರೆಸರ್‌ನಲ್ಲಿ ಗಾಳಿಯಾಗಿ, ಪೈಪಿನಲ್ಲಿ ಇಳಿದು, ಟೀ ಟೀಗಳಲ್ಲಿ ಒಡೆದು ಬಂಡೆಗೆ ತಾಕುತ್ತಿತ್ತು. ಅಷ್ಟು ದೂರದಿಂದ ಬಂದದ್ದನ್ನು ಒಂದು ಹರಿದ ಪ್ಯಾಕಿಂಗ್ ಸೋರಿಸಿಬಿಡಬಲ್ಲದು.

ಆಳಕ್ಕೆ ಇಳಿದಂತೆ ಗಾಳಿಗೆ ಒಂದು ಲಾಭವೂ ಉಂಟು. ಪೈಪಿನೊಳಗಿನ ಗಾಳಿಯ ಕಂಬ ತನ್ನದೇ ತೂಕದಿಂದ ಕೆಳಗಿನದನ್ನು ಒತ್ತುತ್ತದೆ. ಕಿಲೋಮೀಟರ್ ಇಳಿದರೆ ಒತ್ತಡ ಹತ್ತರಿಂದ ಹನ್ನೆರಡು ಶೇಕಡಾ ಏರುತ್ತದೆ. ಮೇಲೆ ಕಳೆದುಕೊಂಡದ್ದರಲ್ಲಿ ಒಂದಿಷ್ಟನ್ನು ಭೂಮಿ ವಾಪಸು ಕೊಡುತ್ತದೆ.

ಆ ಗಾಳಿಯಲ್ಲಿ ನೀರಿನ ಪಸೆ ಇದ್ದೇ ಇರುತ್ತದೆ. ಒತ್ತಿದಾಗ ಕಾದ ಗಾಳಿ ಪೈಪಿನಲ್ಲಿ ತಣಿಯುತ್ತ ಹೋದಂತೆ ನೀರು ಬಿಡುತ್ತದೆ. ಪೈಪಿನ ತಳದಲ್ಲಿ ಆ ನೀರು, ತುಕ್ಕಿನ ಪುಡಿ, ಕಂಪ್ರೆಸರ್ ಎಣ್ಣೆ ಸೇರಿ ಕೆಂಪು ರಾಡಿಯಾಗಿ ಹರಿಯುತ್ತಿರುತ್ತದೆ. ಈಗ ಒಂದು ಕವಲು ತೆಗೆಯಬೇಕು. ಟೀಯ ಪಕ್ಕದ ಬಾಯಿ ಕೆಳಮುಖವಾಗಿದ್ದರೆ ರಾಡಿಯೆಲ್ಲ ನೇರ ಬೈರಿಗೆಯ ಹೊಟ್ಟೆಗೆ. ಪಿಸ್ಟನ್ ಸವೆಯುತ್ತದೆ, ಒಳಗಿನ ಗ್ರೀಸ್ ತೊಳೆದುಹೋಗುತ್ತದೆ. ಕಸುಬು ಬಲ್ಲ ಫಿಟ್ಟರ್ ಬಾಯನ್ನು ಮೇಲ್ಮುಖ ಮಾಡಿ ಟೀ ಕೂರಿಸುತ್ತಾನೆ; ಅಲ್ಲಿಂದ ಬಾತುಕೋಳಿ ಕೊರಳಿನಂತೆ ಬಾಗಿಸಿ ಕೆಳಗೆ ತರುತ್ತಾನೆ. ರಾಡಿಗೆಂದೇ ಲೈನಿನ ತಗ್ಗು ಜಾಗದಲ್ಲಿ ಕೆಳಮುಖದ ಇನ್ನೊಂದು ಟೀ ಹಾಕಿ, ಅದಕ್ಕೊಂದು ಸಣ್ಣ ಕಾಕ್ ಇಟ್ಟು ಪಾಳಿಗೊಮ್ಮೆ ತೆರೆದು ಉಗುಳಿಸುತ್ತಾನೆ. ಒಂದೇ ತುಂಡು. ಮೇಲ್ಮುಖ ಮಾಡಿದರೆ ಶುದ್ಧ ಗಾಳಿ, ಕೆಳಮುಖ ಮಾಡಿದರೆ ಕೊಚ್ಚೆ. ತಿರುಗಿಸಿ ಕೂರಿಸುವುದಕ್ಕೆ ಒಂದು ಪೈಸೆ ಹೆಚ್ಚು ಖರ್ಚಿಲ್ಲ.

ಜೋಡಣೆಯ ಬಗೆಯೂ ಅಷ್ಟೇ ಮುಖ್ಯ. ಸಣ್ಣ ಪೈಪಿಗೆ ತಿರುಪಿನ ಮರೆ, ಅದಕ್ಕೆ ಸೆಣಬು ಸುತ್ತಿ ಸಫೇದ ಹಚ್ಚುವುದು ಎಲ್ಲ ಪ್ಲಂಬರ್‌ಗಳಿಗೂ ಗೊತ್ತಿರುವ ವಿದ್ಯೆ. ದೊಡ್ಡದಕ್ಕೆ ಫ್ಲೇಂಜು, ನಡುವೆ ಪ್ಯಾಕಿಂಗ್. ಫ್ಲೇಂಜಿನ ಬೋಲ್ಟ್‌ಗಳನ್ನು ಒಂದಾದ ಮೇಲೆ ಪಕ್ಕದ್ದೆಂದು ವೃತ್ತವಾಗಿ ಬಿಗಿಯಬಾರದು, ಎದುರುಬದುರು ಬಿಗಿಯಬೇಕು. ಇಲ್ಲವಾದರೆ ಪ್ಯಾಕಿಂಗ್ ಒಂದು ಕಡೆ ಹಿಂಡಿ ಇನ್ನೊಂದು ಕಡೆ ಬಾಯಿ ಬಿಡುತ್ತದೆ. ತಲೆಯ ಮೇಲೆ ಹನಿಯುವ ನೀರು, ಕ್ಯಾಪ್ ಲ್ಯಾಂಪಿನ ಬೆಳಕು, ಕೈಯಲ್ಲಿ ಪಾನಾ. ಈ ಸ್ಥಿತಿಯಲ್ಲಿ ಎದುರುಬದುರು ಬಿಗಿಯುವ ತಾಳ್ಮೆ ಎಲ್ಲರಿಗೂ ಬರುವುದಿಲ್ಲ.

ನೀರಿಗೆ ಬೇರೆ ನ್ಯಾಯ

ಗಾಳಿಯ ಲೈನಿನ ಜೊತೆಗೆ ನೀರಿನ ಲೈನೂ ಬಂಡೆ ಕೊರೆಯುವ ಮುಖದವರೆಗೆ ಹೋಗಬೇಕಾದದ್ದು ದೂಳಿನ ಕಾರಣಕ್ಕೆ. ಯಂತ್ರದ ಬೈರಿಗೆ ಬಂದಾಗ ಕೆಲಸ ಬಿರುಸಾಯಿತು, ಜೊತೆಗೆ ಕಲ್ಲಿನ ಹುಡಿ ಎದೆ ಸೇರಿತು. ಅಮೆರಿಕದ ಗಣಿಗಳಲ್ಲಿ ಆ ಒಣ ಬೈರಿಗೆಗೆ ವಿಧವೆಯರನ್ನು ಮಾಡುವ ಯಂತ್ರ ಎಂದು ಅಡ್ಡಹೆಸರೇ ಬಿದ್ದಿತ್ತು. 1890ರ ದಶಕದ ಕೊನೆಗೆ ಡೆನ್ವರ್‌ನ ಜಾರ್ಜ್ ಲೇನರ್ ಟೊಳ್ಳು ಉಕ್ಕಿನ ಬೈರಿಗೆ ಮಾಡಿ ಅದರೊಳಗಿಂದ ನೀರು ಬಿಡುವ ದಾರಿ ತೋರಿಸಿದ. ಕೆಜಿಎಫ್ ಭಾರತದಲ್ಲಿ ಸಿಲಿಕೋಸಿಸ್ ರೋಗ ಮೊದಮೊದಲು ದಾಖಲಾದ ಜಾಗ. 1940ರ ಹೊತ್ತಿಗೆ ಇಲ್ಲಿನ ಕಾರ್ಮಿಕರ ಎದೆಯ ಕಾಯಿಲೆ ಸರ್ಕಾರದ ಕಣ್ಣಿಗೂ ಬಿತ್ತು. ಅಷ್ಟರೊಳಗೆ ಎಷ್ಟು ಜನ ಕೆಮ್ಮುತ್ತ ಮಲಗಿದರು ಎಂಬ ಲೆಕ್ಕ ಯಾವ ಚಿನ್ನದ ಪಟ್ಟಿಯಲ್ಲೂ ಇಲ್ಲ. ಒಂದು ನೀರಿನ ಕವಲು, ಅರ್ಧ ಇಂಚಿನ ಒಂದು ಹೋಸ್, ಮುಂಚೆಯೇ ಮುಖದವರೆಗೆ ಹೋಗಿದ್ದರೆ ಎಂದು ಕೇಳಿಕೊಳ್ಳದೆ ಇರಲಾಗುವುದಿಲ್ಲ.

ನೀರು ಗಾಳಿಯಂತೆ ಸಾಧುವಲ್ಲ. ಶಾಫ್ಟಿನಲ್ಲಿ 300 ಮೀಟರ್ ಇಳಿದ ನೀರಿನ ಕಂಬ ತಳದಲ್ಲಿ ಚದರ ಸೆಂಟಿಮೀಟರಿಗೆ 30 ಕಿಲೋ ಒತ್ತುತ್ತದೆ. ಅದೇ ಪೈಪನ್ನು ಮೂರು ಕಿಲೋಮೀಟರ್ ಎಡೆಬಿಡದೆ ಇಳಿಸಿದರೆ 300 ಕಿಲೋ. ಅದನ್ನು ತಡೆಯುವ ಟೀಯನ್ನು ಹೊತ್ತು ತರಲೂ ಆಗದು. ಇತ್ತ ಬೈರಿಗೆಗೆ ಬೇಕಾದದ್ದು ಗಾಳಿಯ ಒತ್ತಡಕ್ಕಿಂತ ತುಸು ಕಡಿಮೆ ಒತ್ತಡದ ನೀರು. ನೀರೇ ಮೇಲುಗೈಯಾದರೆ ಅದು ಹಿಮ್ಮೆಟ್ಟಿ ಯಂತ್ರದ ಪಿಸ್ಟನ್‌ಗೆ ನುಗ್ಗುತ್ತದೆ. ಆದ್ದರಿಂದ ಆಳದ ಗಣಿಗಳಲ್ಲಿ ನೀರನ್ನು ಮಜಲು ಮಜಲಾಗಿ ಇಳಿಸುತ್ತಾರೆ: ಒಂದು ಮಟ್ಟದಲ್ಲಿ ತೊಟ್ಟಿಗೆ ಬಿಟ್ಟು ಒತ್ತಡ ಸತ್ತ ಮೇಲೆ ಅಲ್ಲಿಂದ ಹೊಸ ಲೈನು, ಇಲ್ಲವೇ ಕವಲಿನ ಬುಡದಲ್ಲೇ ಒತ್ತಡ ತಗ್ಗಿಸುವ ವಾಲ್ವು.

ಕವಲನ್ನು ಮುಚ್ಚಿಟ್ಟರೆ ಅಪಾಯ ಮುಗಿಯಿತು ಎಂದುಕೊಳ್ಳುವ ಹಾಗಿಲ್ಲ. ಕೆಲಸ ಮುಗಿದ ಕ್ರಾಸ್‌ಕಟ್‌ನ ಬಾಯಿಗೆ ಬ್ಲಾಂಕ್ ಫ್ಲೇಂಜ್ ಬಿಗಿದು ಹೋಗುತ್ತಾರಲ್ಲ, ಆ ಮುಚ್ಚಳದ ಮೇಲಿನ ಭಾರ ನೋಡಿ. ನಾಲ್ಕು ಇಂಚಿನ ಬಾಯಿಯ ವಿಸ್ತೀರ್ಣ ಸುಮಾರು 81 ಚದರ ಸೆಂಟಿಮೀಟರ್. 30 ಕಿಲೋ ಒತ್ತಡದಲ್ಲಿ ಅದರ ಮೇಲೆ ಎರಡೂವರೆ ಟನ್ನಿನ ಹತ್ತಿರದ ನೂಕು. ಟೀಯನ್ನು ಹಿಂದಿನಿಂದ ಬಂಡೆಗೆ ಆನಿಸದಿದ್ದರೆ, ಸುರಂಗದ ಚಾವಣಿಯಿಂದ ಇಳಿಬಿಟ್ಟ ಸರಪಳಿಯನ್ನೇ ನಂಬಿದರೆ, ಆ ನೂಕು ಇಡೀ ಲೈನನ್ನು ಪಕ್ಕಕ್ಕೆ ಎಳೆಯುತ್ತದೆ. ದೂರದಲ್ಲಿ ಯಾರೋ ಒಂದು ವಾಲ್ವನ್ನು ಫಟ್ಟನೆ ಮುಚ್ಚಿದರೆ ಇನ್ನೂ ಕಷ್ಟ. ಸೆಕೆಂಡಿಗೆ ಎರಡು ಮೀಟರ್ ವೇಗದ ನೀರು ದಿಢೀರನೆ ನಿಂತರೆ ಹೆಚ್ಚುವರಿಯಾಗಿ ಇಪ್ಪತ್ತು ಕಿಲೋಗೂ ಮಿಗಿಲಾದ ಒತ್ತಡದ ಅಲೆ ಏಳುತ್ತದೆ. ಅದು ಮುಚ್ಚಿದ ಕವಲಿನ ಕೊನೆಗೆ ಬಡಿದು ದುಪ್ಪಟ್ಟಾಗಿ ಹಿಂತಿರುಗುತ್ತದೆ. ಬಳಕೆಯಲ್ಲಿರುವ ಬಾಯಿಗಿಂತ ಮುಚ್ಚಿದ ಬಾಯಿಗೇ ಹೆಚ್ಚು ಪೆಟ್ಟು.

ಕೆಜಿಎಫ್‌ನ ಬಂಡೆಗೆ ಇನ್ನೊಂದು ಚಾಳಿ ಇತ್ತು, ಒಮ್ಮೆಲೇ ಸಿಡಿಯುವುದು. ರಾಕ್ ಬರ್ಸ್ಟ್ ಎಂದರೆ ಇಲ್ಲಿನ ಮನೆಗಳವರಿಗೂ ಗೊತ್ತು, ಪಾತ್ರೆಗಳು ನಡುಗುತ್ತಿದ್ದವು. ಸುರಂಗ ಅಲುಗುವ ಕಡೆ ಬಿಗಿಯಾಗಿ ಬೆಸೆದ ಕವಲು ಮೊದಲು ಮುರಿಯುತ್ತದೆ, ಏಕೆಂದರೆ ಮೂರು ದಿಕ್ಕಿನ ಎಳೆತ ಸೇರುವುದು ಅಲ್ಲೇ. ತುಸು ಅಲುಗಾಡಲು ಬಿಡುವ, ರಬ್ಬರ್ ಉಂಗುರದ ಕ್ಲ್ಯಾಂಪ್ ಜೋಡಣೆಗಳು ಗಣಿಗಳಲ್ಲಿ ಜನಪ್ರಿಯವಾದದ್ದು ಇದಕ್ಕೇ. ಬಿಚ್ಚಲೂ ಸುಲಭ, ಗಣಿ ಮುಂದೆ ಸರಿದಂತೆ ಲೈನೂ ಸರಿಯಬೇಕಲ್ಲ.

ಕೆಸರಿಗೆ ಕವಲು ಆಗದು

ಗಾಳಿ, ನೀರು ಹೋಗಲಿ, ಕಲ್ಲು ಅರೆದ ಕೆಸರನ್ನು ಪೈಪಿನಲ್ಲಿ ಸಾಗಿಸುವಾಗ ನಿಯಮಗಳೆಲ್ಲ ತಲೆಕೆಳಗು. ಅಲ್ಲಿ ಕವಲು ಎಷ್ಟು ಕಡಿಮೆಯೋ ಅಷ್ಟು ಕ್ಷೇಮ. ಕರ್ನಾಟಕದಲ್ಲಿ ಇದರ ದೊಡ್ಡ ಉದಾಹರಣೆ ಕುದುರೆಮುಖ. ಕಬ್ಬಿಣದ ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ ಘಟ್ಟದಿಂದ ಮಂಗಳೂರಿಗೆ 67 ಕಿಲೋಮೀಟರ್ ಪೈಪಿನಲ್ಲೇ ಇಳಿಸುತ್ತಿದ್ದರು. 2005ರ ಕೊನೆಗೆ ಗಣಿ ನಿಂತಾಗ ಅದೂ ನಿಂತಿತು. ಇಂಥ ಲೈನಿನಲ್ಲಿ ಹರಿವು ನಿಧಾನವಾದರೆ ಪುಡಿ ತಳ ಹಿಡಿಯುತ್ತದೆ, ಜೋರಾದರೆ ಪೈಪನ್ನೇ ಅರೆಯುತ್ತದೆ. ಕವಲಿನಲ್ಲಿ ಎರಡೂ ಒಟ್ಟಿಗೆ ನಡೆಯುತ್ತವೆ: ತಿರುವಿನ ಹೊರಗೋಡೆ ಸವೆಯುತ್ತದೆ, ಮುಚ್ಚಿದ ಬಾಯೊಳಗೆ ಮರಳು ಸೇರಿ ಕಲ್ಲಾಗುತ್ತದೆ. ಬೇಕಾದಾಗ ವಾಲ್ವ್ ತೆರೆದರೆ ಏನೂ ಬರುವುದಿಲ್ಲ. ಅನಿವಾರ್ಯವಾದರೆ ಮಾತ್ರ ಮೇಲಿನಿಂದ ಇಲ್ಲವೇ ಓರೆಗೆ ಕವಲು ತೆಗೆದು, ವಾಲ್ವನ್ನು ಟೀಯ ಕೊರಳಿಗೇ ಒತ್ತಿ ಕೂರಿಸಿ, ತೊಳೆಯಲು ನೀರಿನ ಬಾಯಿ ಬೇರೆ ಕೊಡಬೇಕು.

ಕವಲನ್ನು ಬೇಕೆಂದೇ ಸಾಲಾಗಿ ಹಾಕುವ ಒಂದು ಜಾಗವೂ ಉಂಟು, ತ್ಯಾಜ್ಯದ ಕಟ್ಟೆ. ಅನೇಕ ಗಣಿಗಳಲ್ಲಿ ಕಟ್ಟೆಯ ಅಂಚಿನುದ್ದಕ್ಕೂ ದೊಡ್ಡ ಪೈಪು ಹಾಯಿಸಿ, ಕೆಲವು ಮೀಟರಿಗೊಂದು ಸಣ್ಣ ಬಾಯಿ ಬಿಟ್ಟು ಕೆಸರು ಸುರಿಯುತ್ತಾರೆ. ದಪ್ಪ ಮರಳು ಬಾಯ ಹತ್ತಿರ ಕೂತು ಕಟ್ಟೆಯನ್ನು ತಾನೇ ಎತ್ತರಿಸುತ್ತದೆ. ನುಣ್ಣನೆಯ ಕೆಸರು ನಡುವಿನ ಹೊಂಡಕ್ಕೆ ಹರಿಯುತ್ತದೆ. ಯಾವ ಬಾಯಿ ಎಷ್ಟು ಹೊತ್ತು ತೆರೆದಿರಬೇಕೆಂದು ಗೊತ್ತುಪಡಿಸುವವನೇ ಅಲ್ಲಿ ಕಟ್ಟೆಯ ಮೇಸ್ತ್ರಿ.

ಕೆಜಿಎಫ್‌ನ ಸೈನೈಡ್ ದಿಬ್ಬಗಳು ನೂರು ವರ್ಷಕ್ಕೂ ಹೆಚ್ಚು ಕಾಲ ಹೀಗೆ ಕಲ್ಲು ಅರೆದು ಚಿನ್ನ ಹೀರಿದ ಮೇಲೆ ಉಳಿದ ಗಷ್ಟು. 13 ದಿಬ್ಬ, ಸುಮಾರು 3.3 ಕೋಟಿ ಟನ್. ಬೇಸಿಗೆ ಗಾಳಿಗೆ ಆ ಬೂದು ಹುಡಿ ಊರೊಳಗೆ ನುಗ್ಗುತ್ತದೆ. 2024ರ ಜೂನ್‌ನಲ್ಲಿ ಈ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿತು. ಜೊಹಾನ್ಸ್‌ಬರ್ಗ್ ಸುತ್ತ ಇಂಥ ಹಳೆಯ ದಿಬ್ಬಗಳನ್ನು ನೀರಿನ ಧಾರೆಯಿಂದ ಕರಗಿಸಿ, ಕೆಸರನ್ನು ಪೈಪಿನಲ್ಲಿ ಕಾರ್ಖಾನೆಗೆ ಒಯ್ದು ಚಿನ್ನ ತೆಗೆಯುವುದು ಹಳೆಯ ರೂಢಿ. ಇಲ್ಲೂ ಅದೇ ದಾರಿ ಹಿಡಿದರೆ ಕೆಜಿಎಫ್‌ಗೆ ಪೈಪು ಮರಳಿ ಬರುತ್ತದೆ. ಕೋಲಾರ ಜಿಲ್ಲೆಯಲ್ಲಿ ಅದಕ್ಕೆ ನೀರು ಯಾವ ಲೈನಿನಿಂದ ಕವಲೊಡೆಯಬೇಕು ಎಂಬುದನ್ನು ಚಿನ್ನದ ಲೆಕ್ಕಕ್ಕಿಂತ ಮುಂಚೆ ಹೇಳಬೇಕಾದೀತು.

ಕೆಜಿಎಫ್‌ನಲ್ಲಿ ಗಣಿ ನಿಂತಿತು, ಪಂಪುಗಳೂ ನಿಂತವು, ಕೆಳಗಿನ ಲೆವೆಲ್‌ಗಳು ನೀರಿನಲ್ಲಿ ಮುಳುಗಿದವು. ಹೊಸ ಗಾಳಿ ಹಾಯದ ಸುರಂಗದಲ್ಲಿ ಉಸಿರಾಟಕ್ಕೆ ಬೇಕಾದ ಗಾಳಿ ನಿಲ್ಲುವುದಿಲ್ಲ ಎಂಬುದನ್ನು 2020ರ ಮೇನಲ್ಲಿ ಮಾರಿಕುಪ್ಪಂನ ಶಾಫ್ಟಿಗೆ ಕಳ್ಳತನಕ್ಕೆಂದು ಇಳಿದು ಉಸಿರುಗಟ್ಟಿ ಸತ್ತ ಮೂವರು ತೋರಿಸಿಕೊಟ್ಟರು. ಕೆಲಸವಿಲ್ಲದ ಊರಿನಲ್ಲಿ ಹಳೆಯ ಕಬ್ಬಿಣಕ್ಕೂ ಜೀವದ ಬೆಲೆ ಬಂದುಬಿಟ್ಟಿದೆ. ಇದೇ ಪೈಪು, ಇದೇ ಟೀ, ಇದೇ ಹೋಸ್‌ಗಳ ಕಸುಬನ್ನು ನೋಡಬೇಕೆಂದರೆ ಈಗ ರಾಯಚೂರು ಜಿಲ್ಲೆಯ ಹಟ್ಟಿಗೆ ಹೋಗಬೇಕು, ಅಲ್ಲಿನ ಚಿನ್ನದ ಗಣಿ ಇಂದಿಗೂ ನಡೆಯುತ್ತಿದೆ.

ನೆಲದ ಮೇಲೂ ಕೆಜಿಎಫ್ ಪೈಪಿನ ಊರೇ ಆಗಿತ್ತು. ಪಾಲಾರ್ ನದಿಯ ನೀರನ್ನು ಬೇತಮಂಗಲದ ಕೆರೆಯಿಂದ ಶುದ್ಧ ಮಾಡಿ ಗಣಿ ಪಟ್ಟಣಕ್ಕೆ ಪಂಪು ಮಾಡುವ ವ್ಯವಸ್ಥೆಯನ್ನು ಬ್ರಿಟಿಷರ ಕಾಲದಲ್ಲೇ ಕಟ್ಟಿದ್ದರು. ಬರಗಾಲದ ಸೀಮೆಯಲ್ಲಿ ಕೆರೆ ಬತ್ತಿದಾಗ ಪೈಪು ಎಷ್ಟು ದೊಡ್ಡದಿದ್ದರೂ ಪ್ರಯೋಜನವಿಲ್ಲ ಎಂಬುದನ್ನು ಆ ಊರು ಹಲವು ಬೇಸಿಗೆ ಕಂಡಿದೆ. ಈಗ ಈ ಸೀಮೆಯ ಭರವಸೆ ಬಂಗಾರಪೇಟೆ ತಾಲ್ಲೂಕಿನ ಯರಗೋಳ್ ಅಣೆಕಟ್ಟು. ಮಾರ್ಕಂಡೇಯ ಹೊಳೆಗೆ ಕಟ್ಟಿದ್ದು, ಸುಮಾರು ಅರ್ಧ ಟಿಎಂಸಿ ಅಡಿ ನೀರು ನಿಲ್ಲಿಸಬಲ್ಲದು. ತಮಿಳುನಾಡಿನ ತಕರಾರು 2019ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋದ ಮೇಲೆ, 2023ರ ನವೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಆ ನೀರು ಬಂಗಾರಪೇಟೆ, ಮಾಲೂರು, ಕೋಲಾರ ಪಟ್ಟಣಗಳಿಗೆ, ದಾರಿಯ ಹಳ್ಳಿಗಳಿಗೆ ಒಡೆದು ಹೋಗಬೇಕು. ಗಣಿಯ ಕವಲಿಗೆ ಹೇಳಿದ್ದೆಲ್ಲ ಇಲ್ಲೂ ಅನ್ವಯ: ಹತ್ತಿರದ ಬಾಯಿಯನ್ನು ತುಸು ಹಿಡಿಯದಿದ್ದರೆ ದೂರದ್ದಕ್ಕೆ ಒತ್ತಡ ಉಳಿಯದು, ಏರಿನ ಊರಿಗೆ ಮೊದಲು ಬಿಟ್ಟು ತಗ್ಗಿನದಕ್ಕೆ ಆಮೇಲೆ ಬಿಡಬೇಕು.

ಕಾಮಸಮುದ್ರದ ಟೊಮೆಟೊ ಹೊಲದಲ್ಲಿ ಇದರ ಕಿರು ಆವೃತ್ತಿಯೇ ಇದೆ. ಬೋರ್‌ವೆಲ್‌ನಿಂದ ಬಂದ ಪಿವಿಸಿ ಮೇನ್ ಲೈನು, ಅದಕ್ಕೊಂದು ಟೀ, ಟೀಯಿಂದ ಎರಡು ಮಗ್ಗುಲಿಗೆ ಸಬ್‌ಮೇನ್, ಅದಕ್ಕೆ ರಬ್ಬರ್ ಗ್ರೊಮೆಟ್ ಒತ್ತಿ ಸಾಲಿಗೊಂದು 16 ಮಿಲಿಮೀಟರಿನ ಡ್ರಿಪ್ ಪೈಪು. ಕೊನೆಯ ಸಾಲಿನ ಗಿಡ ಬಾಡಿದರೆ ರೈತ ಮೊದಲು ನೋಡುವುದು ಗ್ರೊಮೆಟ್ ಸೋರುತ್ತಿದೆಯೇ ಎಂದು. ಆಮೇಲೆ ಸಬ್‌ಮೇನ್‌ನ ತುದಿಯ ಫ್ಲಶ್ ವಾಲ್ವ್ ತೆರೆದು ಕೂತ ಕೆಸರನ್ನು ಹೊರಗೆ ಬಿಡುತ್ತಾನೆ, ಸಾಲಿನ ಕೊನೆಯ ಕ್ಯಾಪನ್ನೂ ಬಿಚ್ಚಿ ತೊಳೆಯುತ್ತಾನೆ. ಊರಿನ ನಲ್ಲಿಗಳಿಗೆ ಬಂದರೆ ಇದೇ ಕೆಲಸ ನೀರುಗಂಟಿಯದು. ಸೈಕಲ್ಲಿನ ಕ್ಯಾರಿಯರ್‌ಗೆ ಟಿ ಆಕಾರದ ಉದ್ದನೆಯ ವಾಲ್ವ್ ಕೀಲಿ ಕಟ್ಟಿಕೊಂಡು, ಯಾವ ಬೀದಿಯ ಕವಲಿಗೆ ಇವತ್ತು ಎಷ್ಟು ಸುತ್ತು ಎಂಬುದನ್ನು ನೆನಪಿನಲ್ಲೇ ಇಟ್ಟುಕೊಂಡು ತಿರುಗುತ್ತಾನೆ. ಆ ಸುತ್ತಿನ ಲೆಕ್ಕವನ್ನು ಪಂಚಾಯಿತಿಯವರು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿಟ್ಟುಕೊಂಡರೆ ಅವನು ರಜೆ ಹಾಕಿದ ದಿನ ಮೇಲಿನ ಬೀದಿಯವರು ಬಿಂದಿಗೆ ಹಿಡಿದು ಜಗಳಕ್ಕೆ ಬರುವುದು ತಪ್ಪುತ್ತದೆ.